ಸುಣ್ಣದ ಓಣಿಯ ಮೊದಲ ಕೂಗು

ನಮ್ಮ ಓಣಿಯ ಗೋಡೆಗಳ ಮೇಲೆ ಭುಜದ ಎತ್ತರಕ್ಕೆ ಒಂದು ಕಪ್ಪು ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಓಡಿದೆ. ಹೊಸಬರು ನೋಡಿದರೆ ಯಾರೋ ಬಣ್ಣ ಬಳಿದಿದ್ದಾರೆ ಅಂದುಕೊಳ್ಳಬೇಕು. ಅದು ನಮ್ಮ ಭುಜಗಳ ಎಣ್ಣೆ ಮತ್ತು ಬೆವರು. ನೀರಿಗೆ ಹೋದವರು, ಹಾಲು ತರಲು ಹೋದವರು, ಜಗಳಕ್ಕೆಂದು ಸೆರಗು ಕಟ್ಟಿ ಹೊರಟವರು ಕೂಡ ನಾಲ್ಕು ಮನೆ ದಾಟುವಷ್ಟರಲ್ಲಿ ಗೋಡೆಗೆ ಒರಗಿ, ಉಸಿರು ಬಿಟ್ಟು, ಆಮೇಲೆ ಮುಂದೆ ಹೋಗುತ್ತಾರೆ. ಜಗಳಕ್ಕೆ ಹೊರಟವರು ಎಷ್ಟೋ ಸಲ ಅಲ್ಲಿಂದಲೇ ಮನೆಗೆ ಮರಳುವುದೂ ಉಂಟು. ನಮಗಿರುವ ಲಾಭ ಅದೊಂದೇ. ಹೆಸರಿಗೆ ಸುಣ್ಣದ ಓಣಿ, ಗೋಡೆಗೆ ಸುಣ್ಣ ಹಚ್ಚಲು ಕೈ ಎತ್ತುವ ತ್ರಾಣ ಮಾತ್ರ ಯಾರಿಗೂ ಇಲ್ಲ.

ನಮ್ಮೂರಲ್ಲಿ ಫುಟ್‌ಬಾಲಿನ ದಣಿವು ಸೋತ ಓಣಿಯ ಪಾಲು. ಭಾನುವಾರ ಸಂಜೆ ಕೊನೆಯ ಸೀಟಿ ಊದುತ್ತಾರೆ. ಗೆದ್ದವರು ಈಗಷ್ಟೇ ಜಳಕ ಮಾಡಿ ಬಂದವರ ಹಾಗೆ ನಗುತ್ತ ಮನೆಗೆ ಹೋಗುತ್ತಾರೆ. ಅವರ ಓಟ, ಇವರ ಓಟ, ಎರಡೂ ಕಡೆಯವರು ತಿಂದ ಒದೆ, ಬಿದ್ದ ಪೆಟ್ಟು ಎಲ್ಲವೂ ಆ ರಾತ್ರಿ ಸೋತ ಓಣಿಯಲ್ಲಿ ಮಲಗಿದವರ ಮೈಮೇಲೆ ಬಂದು ಕೂರುತ್ತವೆ. ತೊಟ್ಟಿಲ ಕೂಸಿನಿಂದ ಹಲ್ಲಿಲ್ಲದ ಮುದುಕರವರೆಗೆ ಎಲ್ಲರಿಗೂ ಪಾಲು. ಮುಂದಿನ ಭಾನುವಾರದವರೆಗೆ ಅದು ಇಳಿಯುವುದಿಲ್ಲ. ಅಂದು ಮತ್ತೆ ಸೋತರೆ ಹೊಸದು ಬರುತ್ತದೆ. ದಣಿದ ಓಣಿಯ ಹುಡುಗರು ದಣಿದೇ ಮೈದಾನಕ್ಕಿಳಿಯಬೇಕು, ಹಾಗಾಗಿ ಸೋತವರು ಸೋಲುತ್ತಲೇ ಹೋಗುತ್ತಾರೆ. ದೀಪಾವಳಿ ಕಳೆದ ಮೇಲೆ ಶುರುವಾಗಿ ಹೋಳಿಹುಣ್ಣಿಮೆಗೆ ಆಟ ನಿಲ್ಲುತ್ತದೆ. ಆ ದಿನಗಳಲ್ಲಿ ನಮ್ಮ ಬೀಗರು ಬಂದರೆ ಹೊಟ್ಟೆ ತುಂಬ ಉಣ್ಣುತ್ತಾರೆ. ಮಲಗಿ ಹೋಗಿರಿ ಅಂದರೆ ಮಾತ್ರ ಕೈ ಒರೆಸಿಕೊಳ್ಳುತ್ತಲೇ ಚಪ್ಪಲಿ ಹುಡುಕುತ್ತಾರೆ. ಬೇಸಿಗೆಯಲ್ಲಿ ದಣಿವು ತಾನಾಗಿ ಇಳಿಯುತ್ತದೆ. ದಣಿದ ಅಭ್ಯಾಸ ಇಳಿಯುವುದಿಲ್ಲ. ಆಗಲೂ ನಾವು ಗೋಡೆಗೆ ಒರಗಿಯೇ ನಡೆಯುತ್ತೇವೆ, ಮೈ ಹಗುರಾದದ್ದು ಗೊತ್ತೇ ಆಗುವುದಿಲ್ಲ.

ಬರುವ ದಣಿವು ಒಂದೇ ನಮೂನೆಯದಾಗಿರುವುದಿಲ್ಲ. ನಮ್ಮ ಓಣಿಯ ಹಿರಿಯಳು ಸಾವಂತ್ರೆವ್ವ ಮೈದಾನದ ಮುಖ ನೋಡದೆ ಎಷ್ಟು ವರ್ಷವಾಯಿತೋ. ಸೋಮವಾರ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಮೀನಖಂಡ ಒತ್ತಿಕೊಳ್ಳುತ್ತ ಇಡೀ ಆಟ ಹೇಳುತ್ತಾಳೆ. "ಇದು ಗಾಣದ ಓಣಿ ಉದ್ದನ್ನ ಹುಡುಗಂದು ನೋಡ. ಎಡಗಡೆ ಅಂಚಿನ್ಯಾಗ ಭಾಳ ಓಡ್ಯಾನ. ಇಲ್ಲಿ ಮೊಣಕಾಲಿಗೆ ಯಾರೋ ಒದ್ದದ್ದೈತಿ, ಅದು ನಮ್ಮಾಂವಂದs ಇರಬೇಕು, ಒದಿಸ್ಕೊಳ್ಳೋ ಬುದ್ಧಿ ನಮ್ಮವರಿಗೇ ಇರೂದು." ನಾನು ವಯಸ್ಸಿನಲ್ಲಿ ಗೋಲಿನ ಮುಂದೆ ನಿಂತವನು. ನನಗೆ ತಿಳಿಯುವುದು ಗೋಲು ಕಾಯುವವರ ನೋವು: ಟೊಂಕದ ಎಲುಬು, ಮೊಣಕೈ, ಪಕ್ಕೆ. ಯಾವ ಕಡೆಗೆ ಎಷ್ಟು ಸಲ ಹಾರಿದ್ದಾರೆ ಎಂಬುದನ್ನು ಹಾಸಿಗೆಯಿಂದ ಏಳುವ ಮೊದಲೇ ಹೇಳಬಲ್ಲೆ.

ನನ್ನ ಹೆಸರು ದಾವಲಸಾಬ. ಹತ್ತಿ ಹಿಂಜಿ ಗಾದಿ ಮಾಡುವುದು ನಮ್ಮ ತಲೆತಲಾಂತರದ ಕಸುಬು. ದಣಿದ ಓಣಿಯಲ್ಲಿ ಗಾದಿಯವನಿಗೆ ಕೆಲಸಕ್ಕೇನು ಬರ? "ನಾವು ಸೋತಷ್ಟೂ ಇವನ ದಬ್ಬಳಕ್ಕ ಹಬ್ಬ" ಎಂದು ಜನ ಗಾದಿ ಹೊಲಿಯುವ ನನ್ನ ದೊಡ್ಡ ಸೂಜಿ ತೋರಿಸಿ ಎದುರಿಗೇ ಅನ್ನುತ್ತಾರೆ. ಹಾಗಿದ್ದೂ ಓಣಿಯ ಕೂಗು ನನ್ನ ಬಾಯಲ್ಲೇ ಇದೆ. "ಗಾದೀ, ತಲೆದಿಂಬೂ" ಎಂದು ಊರೆಲ್ಲ ಕೂಗಿ ಕೂಗಿ ನನ್ನ ಗಂಟಲು ಕಂಚಾಗಿದೆ, ಅದಕ್ಕೇ ಆ ಕೆಲಸ ಕೊಟ್ಟರು. ಬುದ್ಧಿ ನೋಡಿ ಕೊಟ್ಟರೆಂದು ನಾನು ಯಾವತ್ತೂ ತಿಳಿದಿಲ್ಲ.

ಊರಿಗೆ ನಾಲ್ಕು ಓಣಿ. ದಸರೆ ಕಳೆದ ಮೇಲೆ ಒಂದು ದಿನ, ಹದಿನೆಂಟು ತುಂಬಿದ ಹುಡುಗ ಹುಡುಗಿಯರು ಮೈದಾನದ ನಡುವೆ ಬಂದು ನಿಲ್ಲುತ್ತಾರೆ. ಓಣಿಗೆ ಒಂದು ಕೂಗು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಉಳಿದ ಓಣಿ ಮೊದಲು ಕೂಗುತ್ತದೆ, ಮೇಲಿದ್ದ ಓಣಿ ಎಲ್ಲರಿಗಿಂತ ಕೊನೆಗೆ. ಯಾವ ಓಣಿ ಹೆಸರು ಕೂಗಿತೋ ಆ ಓಣಿಗೇ ಆಡಬೇಕು, ಮೊಣಕಾಲು ಗಟ್ಟಿ ಇರುವ ತನಕ ಅಲ್ಲಿಯೇ ಮಲಗಬೇಕು. ಹಗಲಿಗೆ ತಾಯಿ ಮನೆಗೆ ಬಂದು ರೊಟ್ಟಿ ತಿಂದು ಹೋಗಲು ಯಾರ ಅಡ್ಡಿಯೂ ಇಲ್ಲ. ರಾತ್ರಿಯದು ಮಾತ್ರ ಕಟ್ಟುನಿಟ್ಟು. ಯಾರೂ ಕೂಗದವರು ತಮ್ಮ ತಮ್ಮ ಓಣಿಯಲ್ಲೇ ಉಳಿಯುತ್ತಾರೆ. ಆದರೆ ಚಲೋ ಆಡುವ ಮಗುವನ್ನು ಉಳಿಸಿಕೊಳ್ಳಬೇಕೆಂದರೆ ಹೆತ್ತ ಓಣಿಯೂ ತನ್ನ ಕೂಗು ಖರ್ಚು ಮಾಡಲೇಬೇಕು.

ಆ ವರ್ಷ ಮೊದಲ ಕೂಗು ನಮ್ಮದೇ ಆಗಬೇಕಿತ್ತು. ಎಲ್ಲರಿಗಿಂತ ಕೆಳಗಿದ್ದೆವು, ಕೊನೆಯ ಆಟ ಒಂದು ಸೋತಿದ್ದರೆ ಸಾಕಿತ್ತು. ಸೋಲುವುದರಲ್ಲಿ ನಮ್ಮನ್ನು ಮೀರಿಸುವವರಿರಲಿಲ್ಲ. ಆದರೆ ಆ ವಾರವೇ ಸಾವಂತ್ರೆವ್ವನ ಮೊಮ್ಮಗಳ ಮದುವೆ ಇಟ್ಟುಕೊಂಡಿದ್ದರು. ಮದುವೆಗೆ ಬಂದವರೆಲ್ಲ ಹಂದರದ ಕಂಬಕ್ಕೆ ಒರಗಿ ನಿದ್ದೆ ಹೊಡೆಯುವುದು ಬೇಡ, ಒಂದು ವಾರ ಮೈ ಹಗುರಾಗಿರಲಿ ಎಂದು ನಮ್ಮ ಹುಡುಗರು ಎಲ್ಲಿಲ್ಲದ ಹಟದಿಂದ ಆಡಿ ಬಾವಿ ಓಣಿಯನ್ನು ಸೋಲಿಸಿಬಿಟ್ಟರು. ಎಂಥ ಮದುವೆಯಾಯಿತು! ಮುದುಕರು ಕೂಡ ಕುಣಿದರು, ನಾನು ಕುಣಿದೆ. ಬಾವಿ ಓಣಿ ನಮಗಿಂತ ಕೆಳಗೆ ಹೋಗಿ ಮೊದಲ ಕೂಗು ಅವರ ಪಾಲಾಯಿತೆಂಬುದು ನಮಗೆ ಹೊಳೆದದ್ದು ಬೀಗರು ಹೊರಟುಹೋಗಿ ಹಂದರ ಬಿಚ್ಚುವಾಗ.

ಉಳಿದ ವರ್ಷಗಳಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಆ ದಸರೆಗೆ ಗಾಣದ ಓಣಿಯ ಲಗಮಣ್ಣನಿಗೆ ಹದಿನೆಂಟು ತುಂಬುವುದಿತ್ತು. ಗಾಣದ ಓಣಿ ಎಷ್ಟೋ ವರ್ಷದಿಂದ ಸೋಲದೆ ಮೇಲೆಯೇ ಇದೆ, ಅವರದು ಯಾವಾಗಲೂ ಕಡೆಯ ಕೂಗು. ಹಾಗಾಗಿ ಅವನನ್ನು ಉಳಿಸಿಕೊಳ್ಳುವ ಮಾತೇ ಇರಲಿಲ್ಲ. ಆ ಹುಡುಗನ ಎಡಗಾಲು ಒಮ್ಮೆ ನೋಡಿದವರು ಮರೆಯುತ್ತಿರಲಿಲ್ಲ. ಚೆಂಡು ತಾನೇ ಅವನ ಹಿಂದೆ ಬರುತ್ತಿತ್ತು. ಹುಡುಗರ ಆಟದಲ್ಲಿ ಅವನು ಓಡುವುದನ್ನು ನೋಡಲು ನಾವು ಗೋಡೆಗೋಡೆಗೂ ನಿಂತು ಸುಧಾರಿಸಿಕೊಳ್ಳುತ್ತ ಮೈದಾನದವರೆಗೆ ಹೋಗುತ್ತಿದ್ದೆವು. ಅವನು ಬಂದರೆ ನಮ್ಮ ಕಷ್ಟ ತೀರಿತು ಎಂದು ಇಡೀ ಓಣಿ ನಂಬಿತು, ನಾನೂ ನಂಬಿದೆ.

ಶ್ರಾವಣದ ಒಂದು ಮಧ್ಯಾಹ್ನ ಬಾವಿ ಓಣಿಯ ಅಡಿವೆಪ್ಪ ನಮ್ಮಲ್ಲಿಗೆ ಬಂದ. ಅವನು ಬಳೆಗಾರ, ನನ್ನ ಹಾಗೆಯೇ ಬೀದಿಯಲ್ಲಿ ಕೂಗಿ ಗಂಟಲು ಬೆಳೆಸಿದವನು, ಹಾಗಾಗಿ ಅವರ ಓಣಿಯ ಕೂಗು ಅವನದು. ಸಾವಂತ್ರೆವ್ವನ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಸುತ್ತಿ ಬಳಸದೆ ಹೇಳಿದ: "ನಮ್ಮ ಮೊದಲನೇ ಕೂಗು ನೀವು ತಗೋರಿ. ಈ ವರ್ಷದ ನಿಮ್ಮ ಎರಡನೇ ಕೂಗು ನಮಗ ಬರ್ಲಿ. ಅದರ ಮ್ಯಾಲ ಬರೂ ವರ್ಷದ ನಿಮ್ಮ ಕೂಗೂ ನಮಗ. ನೀವು ಒಲ್ಲೆ ಅಂದ್ರ ಕಂಬಳಿ ಓಣಿಗೆ ಹೋಗಿ ಕೇಳ್ತೀನಿ."

"ಲಗಮಣ್ಣನಂಥಾ ಹುಡುಗನ್ನ ಯಾರರ ಬಿಟ್ಟುಕೊಡ್ತಾರೇನೋ?" ಎಂದಳು ಸಾವಂತ್ರೆವ್ವ. "ಒಬ್ಬ ಹುಡುಗ ಒಂದು ಓಣೀನ ಹೊತ್ತುಕೊಂಡು ಹೋಗೂದು ನಾ ಎಲ್ಲೂ ನೋಡಿಲ್ಲ, ಯವ್ವಾ. ನಮಗ ಇಬ್ಬರು ಬೇಕು" ಎಂದ ಅಡಿವೆಪ್ಪ. ಆಮೇಲೆ ನನ್ನ ಕಡೆ ತಿರುಗಿದ. "ಬರೂ ವರ್ಷ ನಿನ್ನ ಮಗಳಿಗೆ ಹದಿನೆಂಟು ತುಂಬ್ತಾವ. ನಾ ಆಕೀನ ಕೂಗ್ತೀನಿ, ದಾವಲಣ್ಣಾ. ಮುಚ್ಚಿಟ್ಟು ಮಾತಾಡೂ ಮನಷ್ಯಾ ಅಲ್ಲ ನಾ. ನಾಳೆ ನೀ ನನಗ ಮೋಸಗಾರ ಅನ್ನಬಾರದು." ಹೇಳಿ ಎದ್ದು ಹೋದ. ಓಣಿಯ ತಿರುವಿನವರೆಗೆ ಅವನು ಗೋಡೆಗೆ ಒರಗಿ ಒರಗಿ ಹೋಗುವುದನ್ನು ನೋಡುತ್ತ ನಾವೆಲ್ಲ ಕೂತೆವು.

ನನ್ನ ಮಗಳು ಜೈತುನ ಗೋಲಿನ ಮುಂದೆ ನಿಲ್ಲುತ್ತಾಳೆ. ನಾನು ಕಲಿಸಿದ್ದು ಸ್ವಲ್ಪ, ಅವಳು ಕಲಿತದ್ದು ಬಹಳ. ಊರ ಬಾಯಿಗೆ ಅವಳ ಹೆಸರು ಅಷ್ಟಾಗಿ ಬಿದ್ದಿರಲಿಲ್ಲ, ಸೋಲುವ ಓಣಿಯ ಗೋಲು ಕಾಯುವವರ ಹೆಸರು ಯಾರು ಹೇಳುತ್ತಾರೆ? ಅಡಿವೆಪ್ಪ ಮಾತ್ರ ಬಳೆಯ ಗಂಟು ಕೆಳಗಿಟ್ಟು ಅವಳ ಆಟ ನೋಡುತ್ತ ನಿಲ್ಲುತ್ತಿದ್ದ. ಬರುವ ವರ್ಷದ ಕೂಗಿನಲ್ಲಿ ಅವಳನ್ನು ನಮ್ಮಲ್ಲೇ ಉಳಿಸಿಕೊಳ್ಳಬೇಕೆಂದು ನಾನು ಮನಸ್ಸಿನಲ್ಲೇ ಮಾಡಿಟ್ಟಿದ್ದೆ. ಆ ಕೂಗನ್ನೇ ಅವನು ಕೇಳಿದ್ದು.

ಸಭೆ ಸೇರಿತು ಅನ್ನುವ ಹಾಗಿಲ್ಲ, ಯಾಕೆಂದರೆ ಎಲ್ಲರೂ ಅಲ್ಲೇ ಒರಗಿದ್ದರು. ಕೊಡೋಣ ಅಂದವರೇ ಹೆಚ್ಚು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗೆ, ಲಗಮಣ್ಣ ಬಂದ ಮೇಲೆ ಯಾರ ಮನೆಯಲ್ಲಿ ಮಲಗಬೇಕು, ಯಾರು ಅವನಿಗೆ ಬೆಳಗಿನ ಹಾಲು ಕೊಡಬೇಕು ಎಂದೂ ಮಾತಾದವು. ಒಬ್ಬ ಹುಡುಗನ ಮೇಲೆ ಎರಡು ವರ್ಷ ಕಟ್ಟುವುದು ಬೇಡ ಎಂದು ಒಂದಿಬ್ಬರು ಅಂದರು, ಮಾತು ಮುಗಿಸುವಷ್ಟರಲ್ಲಿ ಅವರಿಗೂ ಆಕಳಿಕೆ ಬಂತು. ನನ್ನ ಮಗಳ ಮಾತನ್ನು ಯಾರೂ ಎತ್ತಲಿಲ್ಲ. ಕಡೆಗೆ ಯಾರೋ ಹಿಂದಿನಿಂದ, "ಹೆಣ್ಣುಮಗಳು, ಎಂದಿದ್ರೂ ಒಂದು ಮನಿಗೆ ಹೋಗಾಕಿನs ಅಲ್ಲೇನು" ಎಂದರು. ಅದು ಸಮಾಧಾನಕ್ಕೆ ಹೇಳಿದ ಮಾತೆಂದು ಗೊತ್ತು. ಆದರೂ ನನಗೆ ಸಿಟ್ಟು ಬಂತು, ಏಳುವ ಅಭ್ಯಾಸ ತಪ್ಪಿ ಕೂತಲ್ಲೇ ನುಂಗಿಕೊಂಡೆ.

ಸಾವಂತ್ರೆವ್ವ ಎಲ್ಲರೂ ಹೋಗುವ ತನಕ ಕಾದಳು. "ತಮ್ಮಾ, ನಾ ಹೇಳೂದಿಲ್ಲ, ಕೇಳೂದೂ ಇಲ್ಲ. ಒಂದು ಮಾತು ಅಷ್ಟs. ನಮ್ಮ ಮಾಳಗಿ ಮ್ಯಾಲ ಹತ್ತಿ ಒಂದು ದಿನ ಶಾವಿಗಿ ಒಣಾ ಹಾಕಬೇಕಂತ ನನಗ ಆಸೆ ಐತಿ. ಮದುವೀ ವಾರ ಮಂದಿ ಗದ್ದಲದಾಗ ಹತ್ತೂದು ಆಗಲಿಲ್ಲ. ಅಲ್ಲಿಂದ ಊರೆಲ್ಲಾ ಕಾಣ್ತಿತ್ತು, ಹೊಸ್ತಾಗಿ ಸೊಸಿ ಆಗಿ ಬಂದಾಗ ನೋಡಿದ್ದೆ" ಎಂದಳು. ಅವಳ ಮನೆಯ ಏಣಿ ಬಾಗಿಲ ಪಕ್ಕದಲ್ಲೇ ಇತ್ತು. ಅದರ ಮೆಟ್ಟಿಲುಗಳ ಮೇಲೆ ಈಗ ತುಳಸಿ, ಮಲ್ಲಿಗೆಯ ಡಬ್ಬಿಗಳನ್ನು ಇಟ್ಟಿದ್ದರು.

ಮನೆಗೆ ಬಂದರೆ ಮಾಲನಬಿ ದಿಂಬಿಗೆ ಹತ್ತಿ ತುಂಬುತ್ತಿದ್ದಳು. ನನ್ನ ಹೆಂಡತಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿರುತ್ತದೆ. ತಲೆ ಎತ್ತದೆ ಹೇಳಿದಳು: "ಬಾವಿ ಓಣಿ ಏನ್ ದೂರ ಐತ್ರಿ, ದಿನಾ ಬಂದು ಉಂಡು ಹೋಗ್ತಾಳ. ಅದಲ್ಲ ನನ್ನ ಚಿಂತಿ. ಲಗಮಣ್ಣ ಬಂದ, ನಾವು ಗೆದ್ದಿವಿ ಅಂತ ತಿಳೀರಿ. ಬಾವಿ ಓಣಿ ಮ್ಯಾಲ ಗೆದ್ದ ದಿನ ಆ ದಣಿವೆಲ್ಲಾ ಎಲ್ಲಿ ಹೋಗ್ತೈತಿ? ನಾವಿಲ್ಲಿ ನಕ್ಕೋತ ಎದ್ದಾಗ ಆಕಿ ಅಲ್ಲಿ ಗ್ವಾಡಿ ಹಿಡಕೊಂಡು ಏಳ್ತಾಳ. ನಮ್ಮ ಕೈಯಾರೆ ಆಕಿ ಮ್ಯಾಲ ಹೊರಿಸಿಧಂಗ ಆತಲ್ರಿ." ನನಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಬಿಲ್ಲು ತೆಗೆದುಕೊಂಡು ಹತ್ತಿ ಹಿಂಜಲು ಕೂತೆ, ಎರಡು ಸಲ ಮೀಟಿ ಕೆಳಗಿಟ್ಟೆ.

ಜೈತುನ ಹೊಸ್ತಿಲ ಮೇಲೆ ಕೂತು ಕೈಗವಸುಗಳ ಹರಿದ ಬೆರಳು ಹೊಲಿದುಕೊಳ್ಳುತ್ತಿದ್ದಳು. "ಕೂಗು ಅಪ್ಪಾ" ಎಂದಳು. "ನನ್ನ ಸಂಬಂಧ ಸಾವಂತ್ರೆವ್ವಾಯಿ ಮಾಳಗಿ ಹತ್ತದs ಸಾಯೂದು ಬ್ಯಾಡ."

"ಅಲ್ಲಿ ಇಲ್ಲೀಕಿಂತ ದಣಿವೈತಿ, ಜೈತು."

"ನಾ ಹುಟ್ಟಿದಾಗಿಂದ ದಣದs ಅದೇನಿ. ಆಟ ಕಲತಿದ್ದೂ ದಣಕೊಂತನs ಅಲ್ಲೇನು. ದಣದವರು ಹೆಂಗ ಆಡಬೇಕು ಅಂತ ನನಗ ಗೊತ್ತೈತಿ." ಅವಳು ದೂರು ಹೇಳುತ್ತಿದ್ದಾಳೆಂದು ನಾನು ತಿಳಿದೆ. ಮಗಳಿಗೆ ಒಂದು ಹಗುರಾದ ಬಾಲ್ಯ ಕೊಡಲು ಆಗಲಿಲ್ಲ ಎಂದು ಬಹಳ ಹೊತ್ತು ಮರುಗಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳಿಸಿಕೊಳ್ಳುವ ಬುದ್ಧಿ ನನಗೆ ಬರಲಿಲ್ಲ.

ದಸರೆ ಕಳೆದು ಕೂಗಿನ ದಿನ ಬಂತು. ಮೊದಲ ಕೂಗು ಸುಣ್ಣದ ಓಣಿಯದು ಎಂದು ಅಡಿವೆಪ್ಪ ಎಲ್ಲರ ಎದುರು ಹೇಳಿ ಪಕ್ಕಕ್ಕೆ ಸರಿದ. ನಾನು ಮುಂದೆ ಹೋಗಿ ನಿಂತೆ. ಜನರ ನಡುವೆ ಜೈತುನ ಕಂಡಳು, ಗಲ್ಲ ಎತ್ತಿ ಕೂಗು ಎಂದು ಸನ್ನೆ ಮಾಡಿದಳು. ಗಾದಿಗೆ ಕೂಗಿದಷ್ಟೇ ದೊಡ್ಡ ದನಿಯಲ್ಲಿ ಲಗಮಣ್ಣನ ಹೆಸರು ಕೂಗಿದೆ. ನಮ್ಮವರು ಕೂತಲ್ಲೇ ಕೈ ತಟ್ಟಿದರು. ಗಾಣದ ಓಣಿಯ ಹೆಂಗಸರು ಅತ್ತರು. ಹುಡುಗ ಮಾತ್ರ ನಗುತ್ತ ಓಡುತ್ತಲೇ ನಮ್ಮ ಕಡೆ ಬಂದ, ನಾಲ್ಕು ಹೆಜ್ಜೆಗೂ ಓಡುವವನು ಅವನು.

ಮೊದಲ ಭಾನುವಾರ ಲಗಮಣ್ಣ ಕಂಬಳಿ ಓಣಿಗೆ ಮೂರು ಗೋಲು ಹೊಡೆದ. ಸೋಮವಾರ ಎದ್ದಾಗ ಮೈಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವುದು ಹೇಗಿರುತ್ತದೆ ಎಂಬುದನ್ನು ಮದುವೆಯ ವಾರದ ನಂತರ ಮರೆತೇ ಬಿಟ್ಟಿದ್ದೆವು. ಜನ ಓಣಿಯ ನಡುವೆ ಗೋಡೆ ಮುಟ್ಟದೆ ನಡೆದರು, ನಾಲ್ಕು ವರ್ಷದಿಂದ ಬಾಕಿ ಇದ್ದ ಜಗಳಗಳನ್ನು ಹುಡುಕಿ ತೆಗೆದು ಆಡಿದರು. ಏಣಿಯ ಮೇಲಿನ ಡಬ್ಬಿಗಳನ್ನು ಇಳಿಸಿ ಸಾವಂತ್ರೆವ್ವ ಮಾಳಿಗೆ ಹತ್ತಿದಳು. ಶಾವಿಗೆ ಒಣಹಾಕಿ, ಸಂಜೆಯವರೆಗೆ ಕೆಳಗಿಳಿಯಲಿಲ್ಲ. ಇಳಿದು ಬಂದು, "ಊರು ಅಷ್ಟs ಐತಿ. ನಾ ಭಾಳ ದೊಡ್ಡದು ಅಂದ್ಕೊಂಡಿದ್ದೆ" ಎಂದಳು. ಆದರೂ ಮರುದಿನ ಮತ್ತೆ ಹತ್ತಿದಳು. ನನ್ನ ಗಾದಿಗಳನ್ನು ಕೇಳುವವರಿರಲಿಲ್ಲ, ನನಗೆ ಅದರ ಪರಿವೆಯೂ ಇರಲಿಲ್ಲ.

ಇನ್ನೆರಡು ಗೆದ್ದೆವು. ನಾಲ್ಕನೆಯದನ್ನು ಗಾಣದ ಓಣಿಗೆ ಸೋತೆವು, ಒಂದೇ ಗೋಲಿನಿಂದ. ನಮಗೇನು, ಸೋಲು ಹೊಸದಲ್ಲ. ಸೋಮವಾರ ಬೆಳಿಗ್ಗೆ ಎಂದಿನಂತೆ ನರಳುತ್ತ ಎದ್ದು ಗೋಡೆ ಹಿಡಿದೆವು. ಲಗಮಣ್ಣ ಮಲಗುತ್ತಿದ್ದ ಮನೆಯಿಂದ ಒಂದು ಕೂಗು ಕೇಳಿ ಹೋದರೆ, ಹುಡುಗ ಗಾದಿಯ ಮೇಲೆ ಕೂತು ತನ್ನ ಕಾಲುಗಳನ್ನು ನೋಡುತ್ತಿದ್ದ. ಮುಖ ಬಿಳಿಚಿಕೊಂಡಿತ್ತು. "ಕಾಕಾ, ನನ್ನ ಕಾಲಿಗೆ ಏನೋ ಆಗೈತಿ. ಯಾರೋ ಕಲ್ಲು ಕಟ್ಟಿಧಂಗ ಆಗೈತಿ. ಡಾಕ್ಟರನ್ನ ಕರೀರಿ" ಎಂದ. ಸಾವಂತ್ರೆವ್ವ ಅವನ ಮೀನಖಂಡ ಹಿಸುಕಿ ನೋಡಿ, "ಏನೂ ಆಗಿಲ್ಲೋ ನನ್ನಪ್ಪಾ, ದಣದೀ ಅಷ್ಟs" ಎಂದಳು. ಅವನಿಗೆ ನಂಬಿಕೆ ಬರಲಿಲ್ಲ. ಸೋಲದ ಓಣಿಯಲ್ಲಿ ಹುಟ್ಟಿ, ಸೋಲದ ಓಣಿಯಲ್ಲಿ ಮಲಗಿ ಬೆಳೆದವನು. ಅವನ ಜನ್ಮದಲ್ಲೇ ಅದು ಮೊದಲ ದಣಿವು.

ಐದನೆಯ ಆಟದಲ್ಲಿ ಅವನು ಮೈದಾನದ ನಡುವೆ ಕೂತುಬಿಟ್ಟ. ಚೆಂಡು ಪಕ್ಕದಲ್ಲೇ ಹೋಯಿತು, ಎದ್ದೇಳಲಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ. ಅವನ ಎಡಗಾಲು ನೋಡಿದೆವು, ಓಟ ನೋಡಿದೆವು. ದಣಿದಾಗ ಅವನು ಹೇಗೆ ಆಡುತ್ತಾನೆ ಎಂದು ಯಾರೂ ನೋಡಿರಲಿಲ್ಲ, ನೋಡಲು ಸಾಧ್ಯವೂ ಇರಲಿಲ್ಲ. ದಣಿವಿನ ಓಣಿಗೆ ಆಳು ಹುಡುಕಲು ಹೊರಟ ನಾವು ದಣಿವೊಂದನ್ನು ಮಾತ್ರ ಕೇಳದೆ ಬಂದಿದ್ದೆವು. ಆ ವಾರ ಸೋತೆವು, ಮರುವಾರ ಸೋತೆವು, ಆಮೇಲೆ ಹೇಳುವುದೇನು. ಯಾರೂ ನನ್ನನ್ನು ಬೈಯಲಿಲ್ಲ. ಬೈಯಲು ತ್ರಾಣವಿದ್ದಿದ್ದರೆ ಬೈಯುತ್ತಿದ್ದರು.

ಹುಡುಗ ಕೆಟ್ಟವನಲ್ಲ. ಅಳುತ್ತಿದ್ದ, ತಾಯಿ ಮನೆಗೆ ಹಗಲು ಹೋಗಿ ಮುಖ ಕೆಳಗೆ ಹಾಕಿಕೊಂಡು ಬರುತ್ತಿದ್ದ. ಅವನ ಕೈ ಹಿಡಿದವಳು ಜೈತುನ. ದಿನಾ ಸಂಜೆ ಓಣಿಯ ತುದಿಯ ಗೋಡೆಗೆ ಗೋಲು ಗೆರೆ ಎಳೆದು ತಾನು ನಿಂತು, ಅವನಿಂದ ಚೆಂಡು ಹೊಡೆಸುತ್ತಿದ್ದಳು. "ಓಡಬ್ಯಾಡ. ನಿಂತಲ್ಲಿಂದ ನೋಡು. ಉಸಿರು ಇಟ್ಕೋ. ಹತ್ತು ಸಲ ಓಡೂ ಬದಲಿ ಒಂದs ಸಲ ಓಡು, ಬೇಕಾದಾಗ" ಎನ್ನುತ್ತಿದ್ದಳು. ನಾನು ಹತ್ತಿ ಹಿಂಜುತ್ತ ಕೇಳಿಸಿಕೊಳ್ಳುತ್ತಿದ್ದೆ. ಆಗ ನನಗೆ ಅವಳು ಹೊಸ್ತಿಲ ಮೇಲೆ ಕೂತು ಹೇಳಿದ ಮಾತು ತಿಳಿಯಿತು. ತಿಳಿದು ಏನು ಬಂತು, ಕೂಗು ನನ್ನ ಬಾಯಿಂದ ಎಂದೋ ಹೊರಟುಹೋಗಿತ್ತು. ಒಂದು ಸಂಜೆ ಒಳಗೆ ಬಂದು ಮುಖ ತೊಳೆಯುತ್ತ ಅವಳು, "ಅಂವಾ ಸುಧಾರಿಸ್ಯಾನ ಅಪ್ಪಾ. ಆದ್ರ ಭಾಳ ದಣದಾಗ ನನ್ನ ಎಡಕ್ಕs ಹೊಡೀತಾನ, ಅದೊಂದು ಬಿಡವಲ್ಲ" ಎಂದಳು.

ಮರುವರ್ಷದ ಕೂಗಿನ ದಿನ ನಮಗೆ ಕೂಗಿರಲಿಲ್ಲ. ನಾನು ಜನರ ನಡುವೆ ಕೂತಿದ್ದೆ. ಆ ವರ್ಷ ಬಾವಿ ಓಣಿ ನಮಗಿಂತ ಒಂದು ಮೆಟ್ಟಿಲು ಮೇಲಿತ್ತು, ಎಲ್ಲರಿಗಿಂತ ಕೆಳಗಿದ್ದದ್ದು ನಾವೇ, ಆದ್ದರಿಂದ ಮೊದಲ ಕೂಗು ನಮ್ಮದೇ ಆಗಬೇಕಿತ್ತು. ಅದನ್ನು ಮಾರಿ ಉಂಡಾಗಿತ್ತು. ನಮ್ಮ ಕೂಗಿನಲ್ಲಿ ಅಡಿವೆಪ್ಪ ನನ್ನ ಮಗಳ ಹೆಸರು ಕೂಗಿದ. ಬಳೆಗಾರನ ಗಂಟಲು ಇಂಪು, ಜೈತುನಬಿ ಎಂದು ಪೂರ್ತಿ ಹೆಸರನ್ನು ಎಳೆದು ಕೂಗಿದ. ನಾನು ಒಳ್ಳೆಯ ಹತ್ತಿ ಹಾಕಿ, ಬೇರೆ ಯಾರಿಗೂ ಮಾಡದಷ್ಟು ದಪ್ಪ ಗಾದಿ ಮಾಡಿಟ್ಟಿದ್ದೆ. ಅದನ್ನು ತಲೆಯ ಮೇಲೆ ಹೊತ್ತು ಅವಳ ಹಿಂದೆ ಬಾವಿ ಓಣಿಗೆ ಹೋದೆ. ಅಲ್ಲಿಯ ಗೋಡೆಗಳ ಮೇಲೂ ನಮ್ಮದರಂಥದೇ ಕಪ್ಪು ಪಟ್ಟಿ ಇತ್ತು, ನಮ್ಮದಕ್ಕಿಂತ ಅಗಲ. ಮಾಲನಬಿ ಒಂದು ವಾರ ಎರಡು ರೊಟ್ಟಿ ಹೆಚ್ಚೇ ಬಡಿಯುತ್ತಿದ್ದಳು. ಹಗಲು ಜೈತುನ ಬಂದು ತಿನ್ನುತ್ತಿದ್ದಳು, ಹೊತ್ತು ಮುಳುಗುವ ಮೊದಲು ಏಳುತ್ತಿದ್ದಳು.

ಆ ವರ್ಷ ನಾವೂ ತೀರ ಕೆಟ್ಟದಾಗಿ ಆಡಲಿಲ್ಲ. ಲಗಮಣ್ಣ ಈಗ ದಣಿದು ಆಡಲು ಕಲಿತಿದ್ದ. ಬಾವಿ ಓಣಿಗೆ ಗೋಲು ಹೊಡೆಯುವುದು ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ನಮ್ಮ ಅವರ ಆಟ ಸಂಕ್ರಾಂತಿಯ ಮುಂದಿನ ಭಾನುವಾರ ಬಂತು. ಹೊರಡುವಾಗ ಸಾವಂತ್ರೆವ್ವ ಕಟ್ಟೆಯಿಂದ ಕೇಳಿದಳು, "ಯಾರು ಗೆಲ್ಲಬೇಕಂತೀಯೋ ತಮ್ಮಾ?" ನಮ್ಮವರು ಎಂದೆ. "ಯಾರು ಹೇಳಪಾ ನಿಮ್ಮವರು?" ಎಂದಳು. ನಾನು ಗೋಡೆ ಹಿಡಿದು ನಡೆದೆ.

ಮಾಲನಬಿಯೂ ನಾನೂ ನಮ್ಮ ಓಣಿಯವರ ನಡುವೆಯೇ ನಿಂತೆವು. ಬಾವಿ ಓಣಿ ಒಂದು ಗೋಲು ಹೊಡೆದಿತ್ತು. ಆಟ ಮುಗಿಯುವ ಹೊತ್ತಿಗೆ ನಮಗೆ ಪೆನಾಲ್ಟಿ ಸಿಕ್ಕಿತು. ಲಗಮಣ್ಣ ಚೆಂಡು ಇಟ್ಟ. ನಮ್ಮವರು ಅವನ ಹೆಸರು ಕೂಗುತ್ತಿದ್ದರು, ನಾನು ಮಾತ್ರ ಕೂಗಲಿಲ್ಲ. ಅವನು ಗೋಲು ಹೊಡೆದು, ಆಮೇಲೆ ನಾವು ಗೆದ್ದರೆ ಓಣಿಗೆ ಒಂದು ವಾರ ಸುಖ, ಸಾವಂತ್ರೆವ್ವನಿಗೆ ಒಂದು ವಾರ ಮಾಳಿಗೆ. ಆ ದಣಿವೆಲ್ಲ ನಾನು ಹೊತ್ತುಕೊಟ್ಟ ಗಾದಿಯ ಮೇಲೆ ಮಲಗಿದವಳಿಗೆ. ಹುಡುಗನ ಹೆಗಲು ಜಗ್ಗಿತ್ತು, ಭಾಳ ದಣಿದಿದ್ದ. ಮಾಲನಬಿ ನನ್ನ ತೋಳು ಹಿಡಿದಳು. ಅವನು ಹೊಡೆದ. ಜೈತುನ ಕಾಯಲೂ ಇಲ್ಲ, ಮೊದಲೇ ಎಡಕ್ಕೆ ಹಾರಿದ್ದಳು. ಚೆಂಡು ಅವಳ ಎದೆಗೆ ಬಂದು ಬಿತ್ತು, ಅದನ್ನು ಅಪ್ಪಿಕೊಂಡು ಎಡ ಮಗ್ಗುಲಾಗಿ ಗಟ್ಟಿ ನೆಲದ ಮೇಲೆ ದೊಪ್ಪನೆ ಬಿದ್ದಳು. ಆ ಸದ್ದು ನಮ್ಮವರೆಗೂ ಕೇಳಿಸಿತು.

ನಾವು ಸೋತೆವು. ಬಾವಿ ಓಣಿಯವರು ಅವಳನ್ನು ಎತ್ತಿಕೊಂಡು ಹೋದರು. ಹೋಗುವಾಗ ಲಗಮಣ್ಣನ ಬೆನ್ನ ಮೇಲೆ ಅವಳು ಒಂದು ಗುದ್ದು ಹಾಕಿದ್ದು ಕಂಡಿತು. ನಾವು ಮನೆಗೆ ಬಂದು, ಉಂಡು, ಎಂದಿನಂತೆ ದಣಿವಿಗೆ ಜಾಗ ಬಿಟ್ಟು ಮಲಗಿದೆವು.

ಬೆಳಿಗ್ಗೆ ಎಚ್ಚರವಾದಾಗ ಎಲ್ಲವೂ ಬಂದು ಕೂತಿತ್ತು. ಮೀನಖಂಡದಲ್ಲಿ ಇಪ್ಪತ್ತು ಜನರ ಓಟ, ಬೆರಳುಗಳಲ್ಲಿ ಯಾರದೋ ಒದೆ, ತೊಡೆಯಲ್ಲಿ ಲಗಮಣ್ಣನ ಜಗ್ಗು. ಇದೆಲ್ಲ ಹಳೆಯದೇ. ಏಳಲು ಹೋದೆ. ಎಡಗಡೆಯ ಟೊಂಕದ ಎಲುಬಿನಲ್ಲಿ, ಅಲ್ಲಿಂದ ಪಕ್ಕೆಯವರೆಗೆ, ಚಳಕ್ ಎಂದಿತು. ಗಟ್ಟಿ ನೆಲಕ್ಕೆ ಒಮ್ಮೆಗೇ ಬಿದ್ದ ನೋವು. ಚೆಂಡನ್ನು ಬಿಡದೆ ಬಿದ್ದವರಿಗೆ ಮಾತ್ರ ಅಲ್ಲಿ ಹಾಗೆ ನೋಯುತ್ತದೆ. ಕೈ ಊರಿ ಬಿದ್ದಿದ್ದರೆ ನೋವು ಮೊಣಕೈಗೆ ಇರುತ್ತಿತ್ತು. ಮೆಲ್ಲಗೆ ಅಂಗೈಯನ್ನು ಅದರ ಮೇಲಿಟ್ಟೆ. ಅವಳು ಚಿಕ್ಕವಳಿದ್ದಾಗ ಬಿದ್ದು ಬಂದರೆ ಇಡುತ್ತಿದ್ದ ಹಾಗೆ ಇಟ್ಟೆ. ಆ ಹೊತ್ತಿಗೆ ಬಾವಿ ಓಣಿಯಲ್ಲಿ ಅವಳು ಮೈಯಲ್ಲಿ ಏನೂ ಇಲ್ಲದೆ, ಗೋಡೆ ಮುಟ್ಟದೆ, ಓಣಿಯ ನಡುವೆ ನಡೆಯುತ್ತಿರಬೇಕು. ಹುಟ್ಟಿದಾಗಿನಿಂದ ನಾನು ಅವಳಿಗೆ ಕೊಡಲಾಗದ್ದು ಅದು. ನನಗೆ ಅಳು ಬಂತು.

ಪಕ್ಕದಲ್ಲಿ ಮಾಲನಬಿ ಕಣ್ಣು ಬಿಟ್ಟೇ ಮಲಗಿದ್ದಳು. "ನಿಮಗೂ ಎಡಕ್ಕ ಐತೇನ್ರಿ?" ಎಂದು ಕೇಳಿದಳು. ಹೂಂ ಎಂದೆ. ಬಿಸಿನೀರಿನ ಬಟ್ಟೆ ತರಲೇ ಎಂದು ನಾನು ಕೇಳಿದ್ದಕ್ಕೆ ಬೇಡ ಅಂದಳು. "ಇರ್ಲಿ ಬಿಡ್ರಿ, ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ." ಇಬ್ಬರೂ ಬಲ ಮಗ್ಗುಲಿಗೆ ಹೊರಳಿ, ಎಡಗಡೆಯ ನೋವು ಕದಲದ ಹಾಗೆ ಕಾಯುತ್ತ ಮಲಗಿದೆವು.